ಸಣ್ಣ ಪೆಟ್ರೋಲ್ ಎಂಜಿನ್‌ಗಳ ಸಂಪೀಡನ ಅನುಪಾತದ ಹೆಚ್ಚಳ: ಲೆಕ್ಕ, ವಿಧಾನ ಮತ್ತು ಮಿತಿಗಳು

ಪೀಠಿಕೆ

ಕಳೆ ಕೊಚ್ಚುವ ಯಂತ್ರ, ಮಿನಿ ಟಿಲ್ಲರ್, ಪವರ್ ಸ್ಪ್ರೇಯರ್ ಹಾಗೂ ನೀರೆತ್ತುವ ಪಂಪುಗಳಲ್ಲಿ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಬಳಕೆ ವ್ಯಾಪಕವಾಗಿದೆ. ಇವುಗಳ ಶಕ್ತಿಯನ್ನು ಹೆಚ್ಚಿಸಲು ಸಿಲಿಂಡರ್ ಹೆಡ್ಡನ್ನು ಕೊರೆಸಿ ‘ಕಂಪ್ರೆಷನ್’ ಏರಿಸುವ ಪದ್ಧತಿ ಮೋಟಾರು ಬೈಕುಗಳ ಪಂದ್ಯಾಟದಿಂದ ಬಂದುದಾಗಿದೆ. ಪಂದ್ಯದ ಎಂಜಿನ್ ಕೆಲವೇ ನಿಮಿಷ ಪೂರ್ಣ ವೇಗದಲ್ಲಿ ಓಡಿದರೆ ಸಾಕು. ಕೃಷಿ ಎಂಜಿನ್ ಬಿಸಿಲು ಮತ್ತು ಧೂಳಿನಲ್ಲಿ ಗಂಟೆಗಟ್ಟಲೆ ಭಾರ ಹೊರಬೇಕು. ಆದುದರಿಂದ ಇಂತಹ ಮಾರ್ಪಾಡಿನ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಸಂಪೀಡನ ಅನುಪಾತ ಎಂದರೇನು?

ಪಿಸ್ಟನ್ ಕೆಳತುದಿಯಲ್ಲಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಅವಕಾಶವನ್ನು, ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಅವಕಾಶದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಸಂಪೀಡನ ಅನುಪಾತ. ಸೀಮೆಎಣ್ಣೆಯಿಂದ ಓಡುವ ಪಂಪ್ ಎಂಜಿನ್‌ಗಳಲ್ಲಿ ಇದು ಕಡಿಮೆ. ಇಂದಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 8ರಿಂದ 9ರಷ್ಟು. ಡೀಸೆಲ್ ಎಂಜಿನ್‌ಗಳಲ್ಲಿ ಇದು 16ಕ್ಕೂ ಮೇಲಿರುವುದರಿಂದ ಡೀಸೆಲ್ ಪವರ್ ಟಿಲ್ಲರ್‌ಗಳಿಗೆ ಈ ಲೇಖನದ ವಿಧಾನ ಅನ್ವಯಿಸುವುದಿಲ್ಲ.

ಲೆಕ್ಕಾಚಾರದ ಉದಾಹರಣೆ

68 ಮಿ.ಮೀ. ಬೋರ್ ಮತ್ತು 45 ಮಿ.ಮೀ. ಸ್ಟ್ರೋಕ್ ಇರುವ ಎಂಜಿನ್ನನ್ನು ತೆಗೆದುಕೊಳ್ಳೋಣ. ಪಿಸ್ಟನ್ ಚಲಿಸುವ ಗಾತ್ರ ಸುಮಾರು 163.4 ಸಿಸಿ.

• ಅನುಪಾತ 9 ಇದ್ದಾಗ ಮೇಲ್ತುದಿಯಲ್ಲಿ ಉಳಿಯುವ ಅವಕಾಶ: 163.4 ÷ 8 = 20.4 ಸಿಸಿ.
• ಅನುಪಾತ 10.5 ಬೇಕಿದ್ದಲ್ಲಿ: 163.4 ÷ 9.5 = 17.2 ಸಿಸಿ.
• ಕಡಿಮೆ ಮಾಡಬೇಕಾದ ಅವಕಾಶ: 3.2 ಸಿಸಿ.
• ಹೆಡ್ಡಿನ ದಹನ ಕೋಣೆಯ ಬಾಯಿಯ ವಿಸ್ತೀರ್ಣ 32 ಚದರ ಸೆಂ.ಮೀ. ಇದ್ದರೆ ಕೊರೆಯಬೇಕಾದ ದಪ್ಪ: 1 ಮಿ.ಮೀ.

ಆದರ್ಶ ಎಂಜಿನ್ನಿನ ಸೂತ್ರದ ಪ್ರಕಾರ ಅನುಪಾತ 9 ಇದ್ದಾಗ ದಕ್ಷತೆ ಶೇ. 58.5; ಅದು 10.5ಕ್ಕೆ ಏರಿದಾಗ ಶೇ. 61. ನಿಜವಾದ ಎಂಜಿನ್ನಿನಲ್ಲಿ ಎರಡೂ ಇದಕ್ಕಿಂತ ಬಹಳ ಕಡಿಮೆಯಾದರೂ ಅವುಗಳ ನಡುವಿನ ಹೋಲಿಕೆ ಉಪಯುಕ್ತವಾಗಿದೆ. ಹೆಚ್ಚಳ ಶೇ. 4ರಷ್ಟು ಮಾತ್ರ. 5 ಅಶ್ವಶಕ್ತಿಯ ಎಂಜಿನ್ನಿಗೆ ದೊರೆಯುವುದು ಸುಮಾರು 0.2 ಅಶ್ವಶಕ್ತಿ.

ಸ್ಥಳದ ಎತ್ತರದ ಪ್ರಭಾವ

ಪಶ್ಚಿಮ ಬೆಂಗಳೂರಿನ ಆರ್‌ಪಿಸಿ ಲೇಔಟ್, ವಿಜಯನಗರ ಮೊದಲಾದ ಬಡಾವಣೆಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಈ ಎತ್ತರದಲ್ಲಿ ವಾಯುಭಾರವು ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಸಿಲಿಂಡರಿಗೆ ಸೇರುವ ಗಾಳಿಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ಎಂಜಿನ್ನಿನ ಶಕ್ತಿ ತಗ್ಗುತ್ತದೆ. ಅದರೊಂದಿಗೆ ಬಡಿತದ ಅಪಾಯವೂ ತಗ್ಗುತ್ತದೆ.

ಬಹುತೇಕ ರೈತರು ಎಡವುವುದು ಇಲ್ಲಿಯೇ. ಆರ್‌ಪಿಸಿ ಲೇಔಟ್‌ನ ಕಾರ್ಯಾಗಾರವೊಂದರಲ್ಲಿ 10.5 ಅನುಪಾತಕ್ಕೆ ಸಿದ್ಧಪಡಿಸಿದ ಎಂಜಿನ್ ಅಲ್ಲಿ ನಯವಾಗಿ ಓಡಬಹುದು. ಆದರೆ ಆ ಎತ್ತರದಲ್ಲಿ 10.5 ಅನುಪಾತವು ಉಂಟುಮಾಡುವ ಒತ್ತಡವು ಮಂಗಳೂರಿನ ಕಡಲಂಚಿನಲ್ಲಿ ಅಂದಾಜು 9.7ಕ್ಕೇ ಬಂದುಬಿಡುತ್ತದೆ. ಸುಮಾರು 400 ಮೀಟರ್ ಎತ್ತರದ ರಾಯಚೂರಿನಲ್ಲಿ ಏಪ್ರಿಲ್‌ನ ಬಿಸಿ ಗಾಳಿಯೂ ಸೇರಿಕೊಂಡು ಅಪಾಯ ಇನ್ನಷ್ಟು ಹೆಚ್ಚುತ್ತದೆ. ಆದುದರಿಂದ ಎಂಜಿನ್ ಸಿದ್ಧವಾಗುವ ಊರನ್ನಲ್ಲ, ಅದು ದುಡಿಯುವ ಹೊಲವನ್ನು ಗಮನದಲ್ಲಿಟ್ಟು ಅನುಪಾತವನ್ನು ನಿರ್ಧರಿಸಬೇಕು.

ಬಡಿತ: ಲಕ್ಷಣಗಳು ಮತ್ತು ಹಾನಿ

ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖದಿಂದ ತಾನಾಗಿ ಸಿಡಿಯುವುದನ್ನು ಬಡಿತ ಅಥವಾ ‘ನಾಕಿಂಗ್’ ಎನ್ನುತ್ತಾರೆ. ಭಾರ ಬಿದ್ದಾಗ ಲೋಹವನ್ನು ತಟ್ಟಿದಂತಹ ಸದ್ದು, ಅತಿಯಾದ ಬಿಸಿ, ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿಯ ಮೇಲೆ ಸಣ್ಣ ಲೋಹದ ಕಣಗಳು ಇದರ ಲಕ್ಷಣಗಳು. ಕಳೆ ಕೊಚ್ಚುವ ಯಂತ್ರದ ಗದ್ದಲದಲ್ಲಿ ಈ ಸದ್ದು ಕೇಳಿಸದೆ ಹೋಗಬಹುದು. ನಿರ್ಲಕ್ಷಿಸಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ರಿಂಗುಗಳು ಮುರಿಯುತ್ತವೆ, ಪಿಸ್ಟನ್ನಿನ ತಲೆ ಕರಗಿ ತೂತಾಗುತ್ತದೆ. ಸಿಂಪರಣೆಯ ಹಂಗಾಮಿನ ನಡುವೆ ಎಂಜಿನ್ ನಿಂತರೆ ಆಗುವ ಬೆಳೆ ನಷ್ಟವನ್ನು 0.2 ಅಶ್ವಶಕ್ತಿ ತುಂಬಿಕೊಡಲಾರದು.

ಮೊದಲು ಕಳೆದುಹೋದ ಒತ್ತಡವನ್ನು ಮರಳಿ ಪಡೆಯಿರಿ

ಶಕ್ತಿ ಕುಂದಿದ ಎಂಜಿನ್ನಿಗೆ ಅನೇಕ ವೇಳೆ ಬೇಕಾಗಿರುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಏರ್ ಫಿಲ್ಟರಿನ ಮೂಲಕ ನುಸುಳಿದ ಧೂಳು ರಿಂಗುಗಳನ್ನು ಸವೆಸುತ್ತದೆ. ವಾಲ್ವುಗಳು ಸರಿಯಾಗಿ ಕೂರದಿದ್ದರೆ ಒತ್ತಡ ಸೋರುತ್ತದೆ. ರಿಂಗುಗಳ ಬದಲಾವಣೆ, ವಾಲ್ವ್ ಗ್ರೈಂಡಿಂಗ್, ವಾಲ್ವಿನ ಅಂತರದ ಹೊಂದಾಣಿಕೆ ಮತ್ತು ಶುದ್ಧ ಫಿಲ್ಟರಿನಿಂದ ದೊರೆಯುವ ಸುಧಾರಣೆ ಹೆಡ್ ಕೊರೆಸುವುದರಿಂದ ದೊರೆಯುವುದಕ್ಕಿಂತ ಹೆಚ್ಚಿರಬಹುದು. ದಹನ ಕೋಣೆಯಲ್ಲಿ ಕಟ್ಟಿದ ಇಂಗಾಲದ ಪದರವನ್ನೂ ತೆಗೆಯಬೇಕು. ಅದು ಅವಕಾಶವನ್ನು ಕಿರಿದಾಗಿಸಿ, ಕೆಂಪಗೆ ಕಾದು ಬಡಿತಕ್ಕೆ ಕಾರಣವಾಗುತ್ತದೆ.

ಮಾರ್ಪಾಡಿನ ಕ್ರಮ

ಇಷ್ಟಾದ ಮೇಲೂ ಮಾರ್ಪಾಡು ಅಗತ್ಯವೆನಿಸಿದರೆ ಅನುಭವಿ ಮೆಕ್ಯಾನಿಕ್‌ರಿಂದ ಕೆಳಗಿನ ಕ್ರಮದಲ್ಲಿ ಮಾಡಿಸಬೇಕು. ಇದರಿಂದ ತಯಾರಕರ ವಾರಂಟಿ ರದ್ದಾಗಬಹುದು.

1. ಹೆಡ್ಡಿನ ಮೇಲೆ ತೂತಿರುವ ಪಾರದರ್ಶಕ ಫಲಕವನ್ನಿಟ್ಟು, ಸಿರಿಂಜಿನಿಂದ ತೆಳು ಎಣ್ಣೆ ತುಂಬಿ ಕೋಣೆಯ ನಿಜವಾದ ಗಾತ್ರವನ್ನು ಅಳೆಯಬೇಕು. ಗ್ಯಾಸ್ಕೆಟ್ಟಿನ ದಪ್ಪದಿಂದಾಗುವ ಅವಕಾಶವನ್ನೂ, ಪಿಸ್ಟನ್ ತಲೆಯ ಮೇಲೆ ಉಳಿಯುವ ಅವಕಾಶವನ್ನೂ ಕೂಡಿಸಬೇಕು.
2. ಹೆಡ್ಡನ್ನು ಮಿಲ್ಲಿಂಗ್ ಯಂತ್ರದಲ್ಲಿ ಹಂತಹಂತವಾಗಿ ಕೊರೆಸಬೇಕು. ಅರದಿಂದ ಉಜ್ಜಬಾರದು, ಗ್ಯಾಸ್ಕೆಟ್ ಇಲ್ಲದೆ ಕೂರಿಸಬಾರದು.
3. ಪಿಸ್ಟನ್ ಮೇಲೆ ಮೆತ್ತನೆಯ ಜೇಡಿಯಿಟ್ಟು ಹೆಡ್ ಬಿಗಿದು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವ್ ಮತ್ತು ಪಿಸ್ಟನ್ ನಡುವೆ ಸಾಕಷ್ಟು ಅಂತರವಿದೆಯೇ ಎಂದು ಪರೀಕ್ಷಿಸಬೇಕು.
4. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ, ಎದುರುಬದುರಾಗಿ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಹೆಡ್ ತಗ್ಗಿದ್ದರಿಂದ ವಾಲ್ವಿನ ಅಂತರವನ್ನು ಹೊಸದಾಗಿ ಹೊಂದಿಸಬೇಕು.
5. ಬಡಿತ ಕಂಡುಬಂದರೆ ಕಿಡಿಯ ಸಮಯವನ್ನು ತುಸು ತಡವಾಗಿಸಬೇಕು ಅಥವಾ ದಪ್ಪನೆಯ ಗ್ಯಾಸ್ಕೆಟ್ಟಿನಿಂದ ಅನುಪಾತವನ್ನು ಇಳಿಸಬೇಕು.

ಗವರ್ನರನ್ನು ತೆಗೆಯಬೇಡಿ

ಈ ವರ್ಗದ ಬಹಳಷ್ಟು ಎಂಜಿನ್‌ಗಳಿಗೆ ನಿಗದಿಯಾದ ಗರಿಷ್ಠ ಕೆಲಸದ ವೇಗ ನಿಮಿಷಕ್ಕೆ 3,600 ಸುತ್ತುಗಳ ಆಸುಪಾಸಿನಲ್ಲಿದೆ. ಪಂದ್ಯದ ಎಂಜಿನ್ನಿನಂತೆ ಗವರ್ನರ್ ತೆಗೆದರೆ ಕನೆಕ್ಟಿಂಗ್ ರಾಡ್ ಮುರಿದು ಕೇಸಿಂಗ್ ಒಡೆಯಬಹುದು; ಎರಕದ ಫ್ಲೈವೀಲ್ ಸಿಡಿದರೆ ಪ್ರಾಣಾಪಾಯವಿದೆ. ಅನುಪಾತ ಏರಿದ ಎಂಜಿನ್ನಿನ ಹಗ್ಗವನ್ನು ಅರೆಮನಸ್ಸಿನಿಂದ ಎಳೆದರೆ ಅದು ಹಿಂದಕ್ಕೆ ಸೆಳೆದು ಮಣಿಕಟ್ಟಿಗೆ ಪೆಟ್ಟಾಗುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಹೆಚ್ಚಿನ ಅನುಪಾತಕ್ಕೆ ತಕ್ಕ ಇಂಧನ

ಹೆಚ್ಚಿನ ಅನುಪಾತ ನಿಜವಾಗಿ ಸಲ್ಲುವುದು ಬಡಿತವನ್ನು ತಾಳಿಕೊಳ್ಳುವ ಇಂಧನಗಳಿಗೆ. ಎಥೆನಾಲ್ ಮತ್ತು ಜೈವಿಕ ಅನಿಲದ ಮುಖ್ಯ ಘಟಕವಾದ ಮೀಥೇನ್ ಈ ಗುಣದಲ್ಲಿ ಪೆಟ್ರೋಲ್‌ಗಿಂತ ಮೇಲು. ಇದಕ್ಕೆ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವಿದೆ. ಕಟ್ಟಿಗೆ ಮೊದಲಾದ ಜೀವರಾಶಿಯಿಂದ ಪಡೆದ ಪ್ರೊಡ್ಯೂಸರ್ ಅನಿಲಕ್ಕೆ 12ಕ್ಕಿಂತ ಹೆಚ್ಚಿನ ಅನುಪಾತ ಸಲ್ಲದೆಂಬ ಅಭಿಪ್ರಾಯ ಪ್ರಚಲಿತವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಶ್ರೀಧರ್, ಪಿ. ಜೆ. ಪಾಲ್ ಮತ್ತು ಎಚ್. ಎಸ್. ಮುಕುಂದ ಅವರು ಡೀಸೆಲ್ ಎಂಜಿನ್ನನ್ನು ಕಿಡಿ ಹೊತ್ತಿಸುವ ಎಂಜಿನ್ನಾಗಿ ಪರಿವರ್ತಿಸಿ, 17ರ ಅನುಪಾತದಲ್ಲಿಯೂ ಅದು ಬಡಿತವಿಲ್ಲದೆ ಓಡುವುದನ್ನು 2001ರಲ್ಲಿ ಪ್ರಕಟಿಸಿದರು. ಅಲ್ಲಿ ಡೀಸೆಲ್‌ನಷ್ಟು ಶಕ್ತಿ ದೊರೆಯದಿದ್ದರೂ ಅನಿಲದ ಶಕ್ತಿಸಾಂದ್ರತೆಯ ಕೊರತೆಯನ್ನು ಹೆಚ್ಚಿನ ಅನುಪಾತವು ಭಾಗಶಃ ತುಂಬಿತು. ಇಂಧನದ ಗುಣವನ್ನು ಅರಿತು ಅನುಪಾತ ನಿರ್ಧರಿಸುವುದೇ ಇಲ್ಲಿನ ಪಾಠ.

ಸಾರಾಂಶ

ಸಾಮಾನ್ಯ ಪೆಟ್ರೋಲ್‌ನಲ್ಲಿ ದುಡಿಯುವ ಕೃಷಿ ಎಂಜಿನ್ನಿಗೆ ತಯಾರಕರು ನಿಗದಿಪಡಿಸಿದ ಅನುಪಾತವನ್ನು ಸುಸ್ಥಿತಿಯಲ್ಲಿ ಕಾಪಾಡಿಕೊಳ್ಳುವುದೇ ಲಾಭದಾಯಕ. ಹೆಚ್ಚಿನ ಶಕ್ತಿ ನಿತ್ಯವೂ ಬೇಕಿದ್ದಲ್ಲಿ ದೊಡ್ಡ ಎಂಜಿನ್ ಆರಿಸಿಕೊಳ್ಳುವುದು ಲೇಸು. ಜೈವಿಕ ಅನಿಲದ ಬಳಕೆಗಾಗಿ ಮಾರ್ಪಾಡು ಮಾಡಬಯಸುವ ರೈತರು ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಕೃಷಿ ಎಂಜಿನಿಯರಿಂಗ್ ತಜ್ಞರಲ್ಲಿ ಸಲಹೆ ಪಡೆದು ಮುಂದುವರಿಯಬೇಕು.