ಪಂಚಗಣಿಯ ಬುಲ್ಸಾರಾ

ಪುಣೆಯಿಂದ ಸಾತಾರಾ ಹೆದ್ದಾರಿ ಹಿಡಿದು, ವಾಯಿ ಪಟ್ಟಣವನ್ನು ದಾಟಿ, ಪಸರಣಿ ಘಾಟನ್ನು ಏರಿದರೆ ಪಂಚಗಣಿ ಸಿಗುತ್ತದೆ. ಪುಣೆ, ಮುಂಬಯಿಗಳ ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ನಮ್ಮ ಕೃಷ್ಣೆಯ ಉಗಮವನ್ನು ನೋಡಲು ಮಹಾಬಳೇಶ್ವರಕ್ಕೆ ಹೊರಟವರು ಇಲ್ಲಿ ಚಹಾ ಕುಡಿದೇ ಮುಂದೆ ಸಾಗುತ್ತಾರೆ. ಈ ಗಿರಿಪಟ್ಟಣದ ಸೇಂಟ್ ಪೀಟರ್ಸ್ ಶಾಲೆಯಲ್ಲಿ 1950ರ ದಶಕದ ನಡುವಿನಲ್ಲಿ ಫರೋಖ್ ಬುಲ್ಸಾರಾ ಎಂಬ ಪಾರ್ಸಿ ಬಾಲಕನೊಬ್ಬ ಬಂದು ಸೇರಿದ. ಮುಂದೆ ಜಗತ್ತು ಅವನನ್ನು ಫ್ರೆಡ್ಡಿ ಮರ್ಕ್ಯುರಿ ಎಂದು ಕರೆಯಿತು.

ಅವನ ಧ್ವನಿಯನ್ನು ನಾನು ಮೊದಲು ಕೇಳಿದ್ದು 1980ರ ದಶಕದ ಕೊನೆಯಲ್ಲಿ, ಪುಣೆಯ ಹಾಸ್ಟೆಲಿನ ಕೋಣೆಯೊಂದರಲ್ಲಿ. ಧಾರವಾಡದಿಂದ ಬಂದಿದ್ದ ನನಗೆ ಅಲ್ಲಿಯವರೆಗೆ ಸಂಗೀತವೆಂದರೆ ಆಕಾಶವಾಣಿಯ ಹಿಂದುಸ್ತಾನಿ ಗಾಯನ, ಕಾಳಿಂಗರಾಯರ ಭಾವಗೀತೆಗಳು ಮತ್ತು ಸಿನಿಮಾ ಹಾಡುಗಳು. ಮುಂಬಯಿಯ ಸಹಪಾಠಿಯೊಬ್ಬ ಖಾಲಿ ಕ್ಯಾಸೆಟ್ಟಿನಲ್ಲಿ ತನಗೆ ಪ್ರಿಯವಾದ ಹಾಡುಗಳನ್ನು ತುಂಬಿಸಿ, ಹೆಸರುಗಳನ್ನು ನೀಲಿ ಶಾಯಿಯಲ್ಲಿ ಬರೆದು, ‘ರಾತ್ರಿ ದೀಪ ಆರಿಸಿ ಕೇಳು’ ಎಂದು ಕೊಟ್ಟಿದ್ದ. ಅರ್ಧದಷ್ಟು ಮಾತು ತಿಳಿಯಲಿಲ್ಲ. ಆ ಕಂಠದ ಏರಿಳಿತ ಮಾತ್ರ ನಿದ್ದೆಗೆಡಿಸಿತು. ಕೇಳುತ್ತಿದ್ದ ನನಗಾಗಲಿ, ಕೊಟ್ಟ ಅವನಿಗಾಗಲಿ, ಆ ಗಾಯಕ ನಮ್ಮ ಕೋಣೆಯಿಂದ ನೂರು ಕಿಲೋಮೀಟರು ದೂರದಲ್ಲಿ ಪಿಯಾನೋ ಕಲಿತವನೆಂಬುದು ಗೊತ್ತಿರಲಿಲ್ಲ.

ಫರೋಖ್ ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕದ ಪೂರ್ವ ಕರಾವಳಿಯಾಚೆಗಿನ ಜಂಜಿಬಾರ್ ದ್ವೀಪದಲ್ಲಿ. ತಂದೆ ಬೋಮಿ ಅಲ್ಲಿ ಬ್ರಿಟಿಷ್ ಆಡಳಿತದ ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದರು. ಗುಜರಾತಿನ ಬುಲ್ಸಾರ್, ಅಂದರೆ ಇಂದಿನ ವಲ್ಸಾಡ್, ಆ ಮನೆತನದ ಮೂಲ. ಊರಿನ ಹೆಸರೇ ಅಡ್ಡಹೆಸರಾಗಿ ಸಮುದ್ರ ದಾಟಿತ್ತು. ಎಂಟರ ಹರೆಯದಲ್ಲಿ ಮಗನನ್ನು ಹಡಗು ಹತ್ತಿಸಿ ಓದಲು ಇಲ್ಲಿಗೆ ಕಳಿಸಿದರು. ರಜೆಗಳಲ್ಲಿ ಮುಂಬಯಿಯ ಬಂಧುಗಳ ಆಶ್ರಯ, ಉಳಿದ ದಿನಗಳಲ್ಲಿ ಹಾಸ್ಟೆಲ್ ವಾಸ. ‘ಫ್ರೆಡ್ಡಿ’ ಎಂಬುದು ಪಂಚಗಣಿಯಲ್ಲಿಯೇ ಬಳಕೆಗೆ ಬಂದ ಹೆಸರು.

ರೇಡಿಯೋದಲ್ಲಿ ಒಮ್ಮೆ ಕೇಳಿದ ಹಾಡನ್ನು ಹುಡುಗ ಪಿಯಾನೋದಲ್ಲಿ ನುಡಿಸಿಬಿಡುತ್ತಿದ್ದನೆಂದು ಅವನ ಸಹಪಾಠಿಗಳು ನೆನೆದಿದ್ದಾರೆ. ಐವರು ಗೆಳೆಯರು ಸೇರಿ ‘ದಿ ಹೆಕ್ಟಿಕ್ಸ್’ ಎಂಬ ಮೇಳ ಕಟ್ಟಿದರು. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಮೊದಲಾದವರ ಗೀತೆಗಳು ಶಾಲೆಯ ಸಮಾರಂಭಗಳಲ್ಲಿ ಮೊಳಗಿದವು. ಸೋಜಿಗವೆಂದರೆ ಆ ಮೇಳದ ಮುಖ್ಯ ಗಾಯಕ ಬ್ರೂಸ್ ಮರ್ರೆ. ಫ್ರೆಡ್ಡಿ ಬದಿಯಲ್ಲಿ ಕುಳಿತ ಪಿಯಾನೋ ವಾದಕ. ಐವರಲ್ಲಿ ವಿಕ್ಟರಿ ರಾಣಾ ಮುಂದೆ ನೇಪಾಳದ ಸೇನಾಧಿಕಾರಿಯಾದರೆ, ಡೆರಿಕ್ ಬ್ರಾಂಚ್ ಬ್ರಿಟನ್ನಿನಲ್ಲಿ ನಟನಾದ.

1963ರಲ್ಲಿ ಫ್ರೆಡ್ಡಿ ಜಂಜಿಬಾರಿಗೆ ಮರಳಿದ. ಮರುವರ್ಷದ ಜನವರಿಯಲ್ಲಿ ಅಲ್ಲಿ ರಕ್ತಪಾತದ ಕ್ರಾಂತಿಯಾಯಿತು. ಅರಬ್ಬರೂ ಭಾರತೀಯರೂ ಓಡಿಹೋಗಬೇಕಾಯಿತು. ಬುಲ್ಸಾರಾ ಕುಟುಂಬ ಲಂಡನ್ನಿನ ಅಂಚಿನ ಫೆಲ್ಟಮ್‌ನಲ್ಲಿ ನೆಲೆ ಕಂಡಿತು. ಈಲಿಂಗ್ ಕಲಾ ಕಾಲೇಜಿನಲ್ಲಿ ಕಲಿತ ಯುವಕ 1970ರಲ್ಲಿ ‘ಕ್ವೀನ್’ ತಂಡದ ಗಾಯಕನಾದ. ಬುಲ್ಸಾರಾ ಹೋಗಿ ಮರ್ಕ್ಯುರಿ ಬಂತು. 1975ರಲ್ಲಿ ಅವನು ರಚಿಸಿದ ‘ಬೊಹೀಮಿಯನ್ ರಾಪ್ಸಡಿ’ ಸುಮಾರು ಆರು ನಿಮಿಷಗಳ ಗೀತೆ. ರೇಡಿಯೋಗೆ ಇಷ್ಟು ಉದ್ದ ಸಲ್ಲದೆಂಬ ಅಳುಕನ್ನು ಅದು ಸುಳ್ಳಾಗಿಸಿ, ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1985ರ ಜುಲೈ 13ರಂದು ವೆಂಬ್ಲಿಯ ‘ಲೈವ್ ಏಡ್’ ವೇದಿಕೆಯಲ್ಲಿ ಇಪ್ಪತ್ತು ನಿಮಿಷಗಳಷ್ಟು ಕಾಲ ಅವನು ಹಾಡಿದ್ದನ್ನು ನೋಡಿದವರು ಇಂದಿಗೂ ಮರೆತಿಲ್ಲ.

ಇಷ್ಟಾದರೂ ತನ್ನ ಪಂಚಗಣಿಯ ಬಗ್ಗೆ, ಪಾರ್ಸಿ ಮನೆಯ ಬಗ್ಗೆ ಅವನು ಬಾಯಿಬಿಟ್ಟದ್ದು ಅತಿ ವಿರಳ. ಇದನ್ನು ಮೂಲದ ನಿರಾಕರಣೆಯೆಂದು ದೂರುವವರಿದ್ದಾರೆ. ಆದರೆ ಆ ಕಾಲದ ಇಂಗ್ಲೆಂಡನ್ನು ನೆನೆಯಬೇಕು. 1968ರಲ್ಲಿ ಈನಾಕ್ ಪೊವೆಲ್ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ್ದರು. ದಕ್ಷಿಣ ಏಷ್ಯದವರ ಮೇಲೆ ಬೀದಿಗಳಲ್ಲಿ ಹಲ್ಲೆಗಳಾಗುತ್ತಿದ್ದವು. ಅಂಥ ಊರಿನಲ್ಲಿ ವೇದಿಕೆಯೇರುವವನು ಹೆಸರನ್ನು ಹಗುರ ಮಾಡಿಕೊಂಡರೆ ಅದನ್ನು ದ್ರೋಹವೆನ್ನಲು ನನಗೆ ಮನಸ್ಸು ಬಾರದು. ಹೊರನಾಡಿನಲ್ಲಿ ಬಾಳುವ ನಾವೂ ಬಾಡಿಗೆ ಮನೆ ಹುಡುಕುವಾಗ, ನೌಕರಿಯ ಮೊದಲ ದಿನ, ಅಡ್ಡಹೆಸರನ್ನು ಎಷ್ಟು ಉಚ್ಚರಿಸಬೇಕು, ಎಷ್ಟು ನುಂಗಬೇಕು ಎಂದು ಲೆಕ್ಕ ಹಾಕಿದವರೇ. ‘ಊರು ಯಾವುದು?’ ಎಂದು ಕೇಳಿದಾಗ ಹುಟ್ಟಿದ ಊರು, ಹಿರಿಯರ ಊರು, ಬದುಕುವ ಊರು ಎಂಬ ಮೂರರಲ್ಲಿ ಯಾವುದನ್ನು ಹೇಳುವುದೆಂದು ನಮ್ಮ ಮಕ್ಕಳು ಈಗಲೂ ತಡವರಿಸುತ್ತಾರೆ.

ತನ್ನ ಕಾಯಿಲೆಯನ್ನೂ ಅವನು ಮರೆಯಲ್ಲಿಯೇ ಇಟ್ಟುಕೊಂಡಿದ್ದ. 1991ರ ನವೆಂಬರ್ 23ರಂದು ತನಗೆ ಏಡ್ಸ್ ಇರುವುದಾಗಿ ಪ್ರಕಟಿಸಿದ, ಮರುದಿನ ತೀರಿಕೊಂಡ. ವಯಸ್ಸು 45. ಅಂತ್ಯಕ್ರಿಯೆಯನ್ನು ಜರತುಷ್ಟ್ರ ಧರ್ಮದ ಪುರೋಹಿತರು ನಡೆಸಿದರು. ಹೆಸರಿನಿಂದ ಜಾರಿಹೋಗಿದ್ದ ಬುಲ್ಸಾರಾ ಕೊನೆಯ ಪ್ರಾರ್ಥನೆಯಲ್ಲಿ ಹಿಂದಿರುಗಿದಂತಾಯಿತು. 1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ಎಲ್ಟನ್ ಜಾನ್, ಡೇವಿಡ್ ಬೋವಿ, ಜಾರ್ಜ್ ಮೈಕಲ್ ಮೊದಲಾದವರು ಅವನ ಗೀತೆಗಳನ್ನು ಹಾಡಿ ಸ್ಮರಿಸಿದರು. ಆ ಸ್ಮರಣೆಯಿಂದ ಏಡ್ಸ್ ಪೀಡಿತರಿಗಾಗಿ ದುಡಿಯುವ ‘ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್’ ಹುಟ್ಟಿತು. ರೋಗಿಯ ಹೆಸರು ಹೇಳಲೂ ಮನೆಯವರು ನಾಚುತ್ತಿದ್ದ ದಿನಗಳಲ್ಲಿ, ಗೆಳೆಯರು ಸಾವಿರಾರು ಜನರೆದುರು ಆ ರೋಗದ ಮಾತನ್ನೇ ಎತ್ತಿದ್ದರು.

2018ರಲ್ಲಿ ಅವನ ಬಾಳಿನ ಚಲನಚಿತ್ರ ಬಂದಾಗ ನಮ್ಮ ಕಟ್ಟಡದ ತರುಣರೆಲ್ಲ ‘ಅವನು ನಮ್ಮವನೇ ಅಂತೆ!’ ಎಂದು ಹಿಗ್ಗಿದರು. ಹಿಗ್ಗು ತಪ್ಪಲ್ಲ. ಆದರೆ ಬದುಕಿದ್ದಾಗ ಅವನನ್ನು ನಮ್ಮವನೆಂದು ಗುರುತಿಸದ ನಾವು ಈಗ ಹಕ್ಕು ಸಾಧಿಸುವಾಗ ಕೊಂಚ ಸಂಕೋಚವೂ ಇರಬೇಕು. ನನ್ನ ಗೆಳೆಯ ಕ್ಯಾಸೆಟ್ ಕೊಟ್ಟಾಗ ಗಾಯಕನ ಜಾತಿ, ಊರು, ದೇಶ ಯಾವುದನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ಅವನು ನಮ್ಮಿಬ್ಬರಿಗೂ ಸೇರಿದ್ದ. ಗೆಳೆಯ ಈಗ ಇಲ್ಲ. ನೀಲಿ ಶಾಯಿಯ ಅಕ್ಷರಗಳು ಮಾಸಿವೆ. ಕಳೆದ ದೀಪಾವಳಿಗೆ ಮೊಮ್ಮಗಳು ಯಾವುದಾದರೂ ಹಳೆಯ ಹಾಡು ಹೇಳಜ್ಜ ಎಂದಾಗ, ಆ ಪಟ್ಟಿಯ ಮೊದಲ ಹಾಡನ್ನೇ ಅವಳ ಫೋನಿನಲ್ಲಿ ಹುಡುಕಿಸಿ, ದೀಪ ಆರಿಸಿದೆ. ಪಂಚಗಣಿಯ ವಿಷಯ ಹೇಳಿದ್ದು ಹಾಡು ಮುಗಿದ ಮೇಲೆ.