ಮೆತ್ತನೆಯ ಸ್ಪ್ರಿಂಗು, ಗಟ್ಟಿ ಚೌಕಟ್ಟು



ಓಟದ ಕಾರು ಎಂದೊಡನೆ ನಮ್ಮ ಮನಸ್ಸು ಇಂಜಿನ್ನಿನ ಕಡೆಗೇ ಓಡುತ್ತದೆ. ಆದರೆ ಆ ಬಲವೆಲ್ಲ ನೆಲ ಮುಟ್ಟುವುದು ನಾಲ್ಕು ಟೈರುಗಳ ಅಂಗೈಯಗಲದ ಜಾಗದಿಂದ ಮಾತ್ರ. ಅದು ನೆಲ ಬಿಟ್ಟಿತೋ, ಎಷ್ಟು ಕುದುರೆಬಲವಿದ್ದೂ ವ್ಯರ್ಥ. ಜರ್ಮನಿಯ ಮರ್ಸಿಡಿಸ್-ಬೆಂಜ್ ಕಂಪನಿಗೆ ಇದು ಮನದಟ್ಟಾದದ್ದು 1936ರಲ್ಲಿ, ಸೋತ ಮೇಲೆ. ಆ ವರ್ಷ ಎದುರಾಳಿ ಆಟೊ ಯೂನಿಯನ್ನಿನ ಬರ್ನ್ಡ್ ರೋಸ್‌ಮೈಯರ್ ಯುರೋಪಿನ ಚಾಂಪಿಯನ್ ಆದರು. ಮರ್ಸಿಡಿಸ್ ವರ್ಷದ ಪಂದ್ಯಗಳು ಮುಗಿಯುವ ಮೊದಲೇ ಕಣ ಬಿಟ್ಟಿತು.

ಓಟದ ವಿಭಾಗದ ತಾಂತ್ರಿಕ ಹೊಣೆ ಆಗ ರುಡಾಲ್ಫ್ ಉಲೆನ್‌ಹೌಟ್ ಎಂಬ 30 ವರ್ಷದ ಎಂಜಿನಿಯರರ ಹೆಗಲೇರಿತು. ಅವರು ನಕ್ಷೆ ಹರಡಿಕೊಂಡು ಕೂರಲಿಲ್ಲ. ಸೋತ ಕಾರನ್ನೇ ನ್ಯೂರ್ಬರ್ಗ್‌ರಿಂಗ್ ಎಂಬ ಗುಡ್ಡಗಾಡಿನ ಓಟದ ಹಾದಿಗೆ ಒಯ್ದು ತಾವೇ ಓಡಿಸಿದರು. ಪಂದ್ಯದ ಚಾಲಕರಲ್ಲದ ಎಂಜಿನಿಯರೊಬ್ಬರು ಅಂಥ ಕಾರಿನ ಚಕ್ರ ಹಿಡಿಯುವುದು ಸಣ್ಣ ಮಾತಲ್ಲ.

ಓಡಿಸಿದಾಗ ರೋಗ ತಿಳಿಯಿತು. ಸ್ಪ್ರಿಂಗುಗಳು ಬಹಳ ಬಿಗಿ, ಚೌಕಟ್ಟು ಸಡಿಲ. ಖಾಲಿ ಲಾರಿಯ ಹಿಂಬದಿಯಲ್ಲಿ ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಹೊರಲೆಂದು ಹಾಕಿದ ದಪ್ಪ ಪ್ಲೇಟುಗಳು ಬಗ್ಗುವುದಿಲ್ಲ. ಗುಂಡಿ ಬಂದರೆ ಚಕ್ರವೇ ಹಾರುತ್ತದೆ. ಸ್ಪ್ರಿಂಗು ಬಗ್ಗದಿದ್ದಾಗ ಆ ಕಾರಿನ ಚೌಕಟ್ಟೇ ಬಗ್ಗುತ್ತಿತ್ತು. ಹಾಗಾದರೆ ಯಾವ ಚಕ್ರ ಯಾವ ಕಡೆಗೆ ಮುಖ ಮಾಡೀತೆಂದು ಹೇಳುವವರಾರು?

ಓಟದ ಕಾರು ಬಿಗಿಯಾಗಿದ್ದಷ್ಟೂ ಒಳ್ಳೆಯದೆಂಬ ಅಂದಿನ ನಂಬಿಕೆಯನ್ನು ಅವರು ತಿರುಗಿಸಿ ಹಾಕಿದರು. 1937ರ ಡಬ್ಲ್ಯೂ 125 ಕಾರಿಗೆ ಮೊಟ್ಟೆಯಾಕಾರದ ಉಕ್ಕಿನ ಕೊಳವೆಗಳ ಗಟ್ಟಿ ಚೌಕಟ್ಟು, ಅದರ ಕೆಳಗೆ ಹೆಚ್ಚು ಏರಿಳಿಯುವ ಮೆತ್ತನೆಯ ಸ್ಪ್ರಿಂಗು. ಹಿಂದಿನ ಎರಡು ಚಕ್ರಗಳನ್ನು ಒಂದು ಕೊಳವೆ ಜೋಡಿಸಿತ್ತು. ಅದರಿಂದ ಅವು ನೆಟ್ಟಗೇ ನಿಲ್ಲುತ್ತಿದ್ದವು. ಸುಮಾರು 600 ಕುದುರೆಬಲದ ಆ ಕಾರಿನಲ್ಲಿ ರುಡಾಲ್ಫ್ ಕಾರಾಚಿಯೋಲಾ ಅದೇ ವರ್ಷ ಯುರೋಪಿನ ಚಾಂಪಿಯನ್ ಪಟ್ಟ ಮರಳಿ ಗೆದ್ದರು.

ಇಷ್ಟು ತಿಳಿದವರೂ ಯುದ್ಧದ ನಂತರ ಸ್ಪೋರ್ಟ್ಸ್ ಕಾರು ಮಾಡುವಾಗ ರಾಜಿ ಮಾಡಿಕೊಳ್ಳಬೇಕಾಯಿತು. ಕೈ ಬಿಗಿಯಿದ್ದ ಕಾಲ. 1952ರ 300 ಎಸ್‌ಎಲ್ ಕಾರಿಗೆ ಇಂಜಿನ್ನು, ಆಕ್ಸಲು ಎಲ್ಲವೂ ಕಂಪನಿಯ ದೊಡ್ಡ ಸವಾರಿ ಕಾರಿನಿಂದ ಬಂದವು. ಆ ಕಾರೇ ಆ ವರ್ಷ ಲೆ ಮಾನ್‌ನ 24 ಗಂಟೆಗಳ ಓಟದಲ್ಲಿ ಮೊದಲೆರಡು ಸ್ಥಾನ ಪಡೆಯಿತು, ನಿಜ. ಆದರೆ ಅದರ ಹಿಂದಿನ ಆಕ್ಸಲು ನಡುವೆ ಕೀಲಿರುವ ಬಗೆಯದು. 1954ರಲ್ಲಿ ಮಾರಾಟಕ್ಕೆ ಬಂದ, ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲಿನ ಕಾರಿನಲ್ಲೂ ಅದೇ ಉಳಿಯಿತು. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಹಿಂಬದಿ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಟೈರಿನ ಅಂಚಷ್ಟೇ ನೆಲದ ಮೇಲೆ. ಬಾಲ ಜಾರಿಬಿಡುತ್ತದೆ.

1957ರ ತೆರೆದ ಕಾರಿನಲ್ಲಿ ಆ ಕೀಲನ್ನು ಕೆಳಕ್ಕೆ ಇಳಿಸಿದರು. ಚಕ್ರ ಮಡಚುವುದು ಬಹಳ ಕಡಿಮೆಯಾಯಿತು. ಹಳೆಯ ಕೀಲಿನ ಕಾರುಗಳನ್ನು ಇಂದಿಗೂ ಹಳೆಗಾರುಗಳ ಪಂದ್ಯಕ್ಕೆ ಇಳಿಸುವವರು ಹಿಂಚಕ್ರಗಳ ತಲೆ ತುಸು ಒಳಕ್ಕೆ ವಾಲುವಂತೆ ಹೊಂದಿಸಿಕೊಳ್ಳುತ್ತಾರೆ. ಬ್ರೇಕನ್ನೆಲ್ಲ ತಿರುವಿಗೆ ಮೊದಲೇ ಒತ್ತಿ ಮುಗಿಸಿ, ತಿರುವಿನುದ್ದಕ್ಕೂ ಆಕ್ಸಿಲರೇಟರನ್ನು ಹದವಾಗಿ ಒತ್ತಿಯೇ ಇರುತ್ತಾರೆ. ನಡುವೆ ಹೆದರಿ ಕಾಲೆತ್ತಿದವರ ಕಾರು ಬಂದ ದಾರಿಗೇ ಮುಖ ಮಾಡಿ ನಿಂತರೆ ಆಶ್ಚರ್ಯವಿಲ್ಲ.