ಸರದಿಯ ದುಡಿಮೆ: ಕೆಡ್ಡಸದಿಂದ ಪತ್ತನಾಜೆಯವರೆಗೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಊರಿನವರೆಲ್ಲರಿಗೂ ಸೇರಿದ ತೋಟ ಎಂಬುದು ಅಪರೂಪ. ತೋಟ ಅವರವರದೇ, ಹಂಚಿಕೊಳ್ಳುತ್ತಿದ್ದುದು ದುಡಿಮೆಯನ್ನು. ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಟ, ಅದರ ಮೇಲ್ಬದಿಗೆ ಮನೆ, ಮನೆಯಿಂದ ಮನೆಗೆ ಕೂಗಿದರೆ ಅರ್ಧ ಕೇಳಿಸುವಷ್ಟು ದೂರ. ಇಂಥ ಊರಿನಲ್ಲಿ ನೆರವು ತಾನಾಗಿ ಒದಗುವುದಿಲ್ಲ, ಮೊದಲೇ ಮಾತಾಡಿಕೊಂಡಿರಬೇಕು. ಆ ಮಾತುಕತೆಯ ಹಳೆಯ ರೂಪ ಮುಯ್ಯಾಳು. ಇಂದು ಒಂದು ಮನೆಯ ತೋಟದಲ್ಲಿ ಎಲ್ಲರೂ ದುಡಿದರೆ ಮುಂದಿನ ವಾರ ಇನ್ನೊಂದು ಮನೆಯ ಸರದಿ. ಕೂಲಿ ಇಲ್ಲ, ಊಟ ಉಂಟು.

ಸ್ಮರಣ ಸಂಚಿಕೆಗಳಲ್ಲಿ ಹಿಂದಿನ ಕಾಲದ ಕೂಡುದುಡಿಮೆಯನ್ನು ಕೊಂಡಾಡುವಾಗ ಒಂದು ವ್ಯತ್ಯಾಸ ಮರೆತುಹೋಗುವುದುಂಟು. ಧಣಿಯ ಮನೆಯ ಗದ್ದೆಗೆ ಒಕ್ಕಲುಗಳು ಹೋಗಿ ಮಾಡಿಕೊಡುತ್ತಿದ್ದ ಕೆಲಸ ಮುಯ್ಯಿಯಲ್ಲ. ಅದು ಮರಳಿ ಬರುತ್ತಿರಲಿಲ್ಲ. ಚಾಲಗೇಣಿ, ಮೂಲಗೇಣಿಗಳು ಹಬ್ಬಿದ್ದ ಈ ಜಿಲ್ಲೆಯಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್‌ 1ರಿಂದ ಜಾರಿಯಾದ ಬಳಿಕ ಗೇಣಿದಾರರು ಭೂಮಾಲೀಕರಾದರು. ಒಂದೆರಡು ಎಕರೆಯ ಹಿಡುವಳಿದಾರರ ಸಂಖ್ಯೆ ಬೆಳೆಯಿತು. ಅವರಿಗೆ ಆಳು ಇಡುವ ಶಕ್ತಿ ಇರಲಿಲ್ಲ, ತೋಟದ ಕೆಲಸ ಒಬ್ಬರಿಂದಲೇ ಮುಗಿಯುವಷ್ಟು ಚಿಕ್ಕದೂ ಅಲ್ಲ. ಸಮಾನರ ನಡುವಿನ ಮುಯ್ಯಿಗೆ ನಿಜವಾದ ನೆಲೆ ಸಿಕ್ಕಿದ್ದು ಆಗ.

ಅದಕ್ಕೆ ಸಂಘಟನೆಯ ರೂಪ ಕೊಟ್ಟದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಈ ಯೋಜನೆ, 1990ರ ದಶಕದ ಆರಂಭದಲ್ಲಿ ಪ್ರಗತಿಬಂಧು ತಂಡಗಳನ್ನು ಕಟ್ಟಿತು. ನೆರೆಯ ಐದರಿಂದ ಎಂಟು ಮಂದಿ ಸಣ್ಣ ರೈತರ ತಂಡ, ವಾರಕ್ಕೊಂದು ದಿನ ಸರದಿಯ ಮೇಲೆ ಒಬ್ಬೊಬ್ಬರ ಜಮೀನಿನಲ್ಲಿ ಶ್ರಮ ವಿನಿಮಯ. ಉಳಿತಾಯ, ಸಾಲಗಳು ಈ ಸರದಿಗೆ ಜೋಡಿಕೊಂಡವು. ಯೋಜನೆ ನೆರೆಯ ತಾಲ್ಲೂಕುಗಳಿಗೆ ಹರಡಿದಾಗ ಇಲ್ಲಿನವರಿಗೆ ಇದು ಹೊಸತೆನಿಸಲಿಲ್ಲ. ಬಾಯಿಮಾತಿನ ಸರದಿ ಪುಸ್ತಕಕ್ಕೆ ಇಳಿಯಿತು, ಅಷ್ಟೆ.

ವರ್ಷದಲ್ಲಿ ಈ ಸರದಿಗೆ ಅತಿ ಹೆಚ್ಚು ಕೆಲಸವಿರುವುದು ಕೆಡ್ಡಸದಿಂದ ಪತ್ತನಾಜೆಯವರೆಗಿನ ಸುಮಾರು ಮೂರೂವರೆ ತಿಂಗಳು. ಕೆಡ್ಡಸ ಬರುವುದು ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ. ಭೂಮಿತಾಯಿ ಮುಟ್ಟಾಗುವಳೆಂದು ನಂಬುವ ಆ ಮೂರು ದಿನ ಉಳುವುದಿಲ್ಲ, ಅಗೆಯುವುದಿಲ್ಲ. ಆಮೇಲೆ ಹಾರೆ ಕೈಗೆ ಬರುತ್ತದೆ.

ಮೊದಲ ಕೆಲಸ ಸೊಪ್ಪು ಮತ್ತು ತರಗೆಲೆಯದು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಗೊಬ್ಬರ ಬೇಕೆಂಬುದು ಕೃಷಿ ಸಂಶೋಧನಾ ಸಂಸ್ಥೆಗಳ ಶಿಫಾರಸು. ಐನೂರು ಮರಗಳ ತೋಟಕ್ಕೆ ಲೆಕ್ಕ ಹಾಕಿದರೆ ಸೊಪ್ಪೇ ಆರು ಟನ್. ಜಮೀನಿಗೆ ತಾಗಿದ ಸರಕಾರಿ ಜಾಗವಾದ ಕುಮ್ಕಿಯ ಗುಡ್ಡದಿಂದ ಅದನ್ನು ಕಟ್ಟು ಕಟ್ಟಿ ಇಳಿಸಬೇಕು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಮುಟ್ಟಾಳೆಯ ಮೇಲೆ ಹೊರೆ. ಒಬ್ಬನಿಗೆ ತಿಂಗಳು ಹಿಡಿಯುವುದು ಎಂಟು ಮಂದಿಗೆ ನಾಲ್ಕೈದು ದಿನದ ಕೆಲಸ. ಮರದ ಬುಡಕ್ಕೆ ಹಾಕುವ ರಾಸಾಯನಿಕ ಗೊಬ್ಬರದ ಎರಡನೆಯ ಕಂತೂ ಫೆಬ್ರವರಿಯಲ್ಲೇ.

ಸುಡುಮಣ್ಣು ಮಾಡುವುದೂ ಇದೇ ಬಿಸಿಲಲ್ಲಿ. ತೋಟದ ಬದಿಯಲ್ಲಿ ಒಣ ಕಡ್ಡಿ, ತರಗೆಲೆ, ಅಡಿಕೆ ಸಿಪ್ಪೆಯನ್ನು ಹಾಸಿ, ಕೆರೆದ ಮೇಲ್ಮಣ್ಣನ್ನು ಅದರ ಮೇಲೆ ಹರಡಿ, ಮತ್ತೆ ತರಗೆಲೆ, ಮತ್ತೆ ಮಣ್ಣು ಎಂದು ಪದರ ಏರಿಸುತ್ತಾರೆ. ಗಾಳಿ ಬರುವ ಕಡೆ ಬಾಯಿ ಬಿಟ್ಟು ಬೆಂಕಿ ಕೊಟ್ಟರೆ ರಾಶಿ ಉರಿಯುವುದಿಲ್ಲ, ಒಂದೆರಡು ದಿನ ಒಳಗೊಳಗೇ ಕಾಯುತ್ತದೆ. ಜ್ವಾಲೆ ಎದ್ದರೆ ಕೆಲಸ ಕೆಟ್ಟಿತು. ಹೊಗೆ ಬಂದಲ್ಲೆಲ್ಲ ಮಣ್ಣು ಮುಚ್ಚಲು ಒಬ್ಬರು ಕಾವಲಿರಬೇಕು. ಆರಿದ ಮಣ್ಣು ತರಕಾರಿ ಸಾಲಿಗೆ, ಮಳೆಗಾಲದ ಹೊಸ ಗಿಡಗಳ ಗುಂಡಿಗೆ ಹೋಗುತ್ತದೆ.

ಮಾರ್ಚ್‌ ಬಂತೆಂದರೆ ನೀರಿನ ಚಿಂತೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಈಚೆಗೆ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆ ಬಳಸಿ ಹಾಕುವ ಕಟ್ಟ ಈ ಸೀಮೆಯ ನಿಜವಾದ ಸಮುದಾಯ ಆಸ್ತಿ. ಅದರಿಂದ ಎರಡೂ ದಡದ ಬಾವಿ, ಕೆರೆಗಳ ಒರತೆ ಉಳಿಯುತ್ತದೆ. ಹಾಕದವರಿಗೂ ಲಾಭ, ಹಾಗಾಗಿಯೇ ಜಗಳವೂ. ಹಳೆಯ ನೀರಾವರಿ ಕ್ರಮದಲ್ಲಿ ಮರವೊಂದಕ್ಕೆ ಒಂದು ಬಾರಿಗೆ 175 ಲೀಟರ್‌ನಷ್ಟು ನೀರು ಬೇಕು. ಜನವರಿಯಲ್ಲಿ ಆರು ದಿನಕ್ಕೊಮ್ಮೆ ಸಾಕಾಗುವುದು ಮಾರ್ಚ್‌ನಿಂದ ಮೂರರಿಂದ ಐದು ದಿನಕ್ಕೊಮ್ಮೆಯಾಗುತ್ತದೆ. ಸೋರುವ ಕಟ್ಟದ ಬಾಯಿಗೆ ಮಣ್ಣು ತುಂಬುವುದು, ಕೆರೆಯ ಹೂಳೆತ್ತುವುದು ಈ ತಿಂಗಳ ಸರದಿಗೆ ಸೇರುತ್ತವೆ.

ಏಪ್ರಿಲ್‌ ಮಧ್ಯದಲ್ಲಿ ಕೆಲಸ ನಿಧಾನಿಸುತ್ತದೆ. 10ರಿಂದ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ನಡುವೆ ಬಿಸು, 17ಕ್ಕೆ ಬ್ರಹ್ಮರಥೋತ್ಸವ. ಯಾವುದಾದರೂ ದೇವಸ್ಥಾನದಲ್ಲಿ ಬ್ರಹ್ಮಕಲಶವಿದ್ದರೆ ತೋಟದ ತಂಡಗಳೇ ಕರಸೇವೆಗೆ ನಿಲ್ಲುತ್ತವೆ. ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕುಂಬಳಗಳ ಹಸಿರುವಾಣಿ ಹೊರೆಕಾಣಿಕೆ ವಾಹನಗಳಲ್ಲಿ ಹೊರಡುತ್ತದೆ.

ಗಂಡಸರ ತಂಡಗಳ ವಿಷಯ ಬರೆದಷ್ಟು ಹೆಂಗಸರ ಕೂಡುದುಡಿಮೆಯ ಬಗ್ಗೆ ಬರೆದವರಿಲ್ಲ. ಏಪ್ರಿಲ್‌, ಮೇ ತಿಂಗಳ ಹಲಸಿನ ಹಪ್ಪಳ ಅದರ ಒಳ್ಳೆಯ ಉದಾಹರಣೆ. ಬೆಳೆದ ಕಾಯಿಯನ್ನು ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಯಿಸಿ, ಮೆಣಸು, ಉಪ್ಪು ಸೇರಿಸಿ ಬಿಸಿಯಿರುವಾಗಲೇ ರುಬ್ಬಬೇಕು. ಆರಿದರೆ ಹಿಟ್ಟು ಒಗ್ಗುವುದಿಲ್ಲ. ಒಬ್ಬರು ಉಂಡೆ ಮಾಡಿ, ಒಬ್ಬರು ಒತ್ತಿ, ಇನ್ನೊಬ್ಬರು ಚಾಪೆಯ ಮೇಲೆ ಹರಡಿ, ಮಧ್ಯಾಹ್ನದ ಬಿಸಿಲು ತಪ್ಪದಂತೆ ಮುಗಿಸಬೇಕು. ಹೀಗಾಗಿ ಒಂದು ಮನೆಯ ಹಪ್ಪಳಕ್ಕೆ ನಾಲ್ಕು ಮನೆಯವರು ಬೇಕು, ಮರುದಿನ ಇನ್ನೊಂದು ಮನೆ.

ಮೇ ತಿಂಗಳು ಮಳೆಗಾಲದ ತಯಾರಿ. ತೋಟದ ಕಣಿ ಬಿಡಿಸುವುದು, ಸೌದೆ ಒಳಗೆ ಪೇರಿಸುವುದು, ಅಂಗಳದಲ್ಲಿ ಮೂವತ್ತೈದು, ನಲವತ್ತು ದಿನ ಒಣಗಬೇಕಾದ ಅಡಿಕೆಯನ್ನು ಮೊದಲ ಮಳೆಯಿಂದ ಕಾಯುವುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ನೂರು ಲೀಟರ್‌ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇಲ್ಲಿ ಸರದಿಯ ಮಿತಿಯೂ ಕಾಣುತ್ತದೆ. ದ್ರಾವಣ ಕದಡುವುದು, ಪಂಪು ನೋಡುವುದು, ಪೈಪು ಎಳೆಯುವುದು ಯಾರಿಂದಲೂ ಆದೀತು. ಆದರೆ ಸಿಂಪಡಿಸಲು ಮರ ಏರುವವನ ಒಂದು ದಿನಕ್ಕೆ ಸೊಪ್ಪು ಹೊರುವವನ ಒಂದು ದಿನ ಸಮವಲ್ಲ. ಎಲ್ಲರ ಕೆಲಸ ಒಂದೇ ತೂಕದ್ದಾಗಿರುವಲ್ಲಿ ಮಾತ್ರ ಮುಯ್ಯಿ ನಡೆಯುತ್ತದೆ. ಉಳಿದದ್ದಕ್ಕೆ ಕೂಲಿಯೇ ದಾರಿ. ಮರ ಏರುವವರ ಕೊರತೆಯಿಂದ ತರಬೇತಿ ಶಿಬಿರಗಳು ನಡೆದದ್ದು, ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದದ್ದು ಇದರ ಮುಂದುವರಿಕೆ.

ಮೇ 24ರ ಆಸುಪಾಸಿನ ಪತ್ತನಾಜೆಗೆ ಕೋಲ, ನೇಮ, ಯಕ್ಷಗಾನದ ತಿರುಗಾಟ ನಿಲ್ಲುತ್ತವೆ, ಬೇಸಗೆಯ ಸರದಿಯೂ ಮುಗಿಯುತ್ತದೆ. ಹನಿ ನೀರಾವರಿ, ಹುಲ್ಲು ಕತ್ತರಿಸುವ ಯಂತ್ರ, ಹೊರರಾಜ್ಯದ ಕಾರ್ಮಿಕರು ಬಂದ ಮೇಲೆ ಸರದಿಯ ಅಗತ್ಯ ತಗ್ಗಿದೆ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. 1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, 1988ರಿಂದ ಪುತ್ತೂರಿನಲ್ಲಿ ಅಚ್ಚಾಗುತ್ತ ಬಂದ ‘ಅಡಿಕೆ ಪತ್ರಿಕೆ’ಯ ಇತಿಹಾಸ ದಾಖಲೆಯಲ್ಲಿದೆ. ಊರಿನ ಸಣ್ಣ ತಂಡಗಳದು ಅವುಗಳ ನಿರ್ಣಯ ಪುಸ್ತಕದಲ್ಲಿ ಮಾತ್ರ ಇದೆ. ಯಾವ ದಿನ ಯಾರ ತೋಟ, ಎಷ್ಟು ಮಂದಿ, ಯಾವ ಕೆಲಸ ಎಂದು ಬರೆದಿಟ್ಟ ಆ ಪುಸ್ತಕಗಳನ್ನು ರದ್ದಿಗೆ ಹಾಕದೆ ಗ್ರಾಮ ಪಂಚಾಯತಿನ ಗ್ರಂಥಾಲಯಕ್ಕೆ ಕೊಡುವುದು ಒಳ್ಳೆಯದು.